ಡಿವಿಷನ್ ನಿರ್ಣಯ ಚಂದ್ರಿಕೆ

ಶಾಸ್ತ್ರಗ್ರಂಥ ಬರೆಯಹೊರಟವರು ಮೊದಲು ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನ ಎಂಬ ನಾಲ್ಕನ್ನು ಹೇಳಿ ಮುಗಿಸಬೇಕೆಂಬುದು ಕಟ್ಟಳೆ. ವಿಷಯ: ಅಮೆರಿಕದಲ್ಲಿ ಪ್ರಾಕ್ಟಿಕಲ್ ಪಿಸ್ತೂಲ್ ಸ್ಪರ್ಧೆಗೆ ಇಳಿಯುವವನು ಯಾವ ಡಿವಿಷನ್ನಿನಲ್ಲಿ, ಅಂದರೆ ಸಲಕರಣೆಯ ಯಾವ ವರ್ಗದಲ್ಲಿ, ಹೆಸರು ಬರೆಸಬೇಕು ಎಂಬುದು. ಸಂಬಂಧ: ಅವನಿಗೂ ಅವನ ಕ್ರೆಡಿಟ್ ಕಾರ್ಡಿಗೂ ಇರುವಂಥದ್ದು. ಪ್ರಯೋಜನ: ಹುಡುಕಿದೆವು, ಸಿಗಲಿಲ್ಲ. ಅಧಿಕಾರಿಯ ವಿಚಾರ ಮಾತ್ರ ತುಸು ಗೋಜಲಿನದು.

ಟೆಕ್ಸಾಸಿನಲ್ಲಿ ಕೆಲಸಕ್ಕಿರುವ ನಮ್ಮ ಕನ್ನಡದ ಎಂಜಿನಿಯರನನ್ನೇ ತೆಗೆದುಕೊಳ್ಳಿ. ಎಚ್-1ಬಿ ವೀಸಾದಲ್ಲಿ ಇರುವ ತನಕ ಬಂದೂಕಾಗಲಿ ತೋಟಾ ಆಗಲಿ ಅವನ ಬಳಿ ಇರಕೂಡದೆಂದು ಅಲ್ಲಿನ ಫೆಡರಲ್ ಕಾನೂನು ಹೇಳುತ್ತದೆ. ವಿನಾಯಿತಿಗಳೂ ಇವೆ, ಅವುಗಳಲ್ಲಿ ಸುಲಭವಾದದ್ದು ಬೇಟೆಯ ಲೈಸೆನ್ಸ್. ಅಂದರೆ ಕೇಕಿನಲ್ಲಿ ಮೊಟ್ಟೆ ಇದೆಯೇ ಎಂದು ಎರಡೆರಡು ಸಲ ವಿಚಾರಿಸುವ ಗೃಹಸ್ಥ, ರಟ್ಟಿನ ಹಾಳೆಗೆ ಗುಂಡು ಹೊಡೆಯುವ ಸಲುವಾಗಿ ಜಿಂಕೆ ಕೊಲ್ಲುವ ಪರವಾನಗಿಯನ್ನು ಜೇಬಿನಲ್ಲಿಟ್ಟುಕೊಳ್ಳಬೇಕು. ಅದು ಒಗ್ಗದಿದ್ದರೆ ಗ್ರೀನ್ ಕಾರ್ಡಿಗೆ ಕಾಯಬೇಕು. ಭಾರತದಲ್ಲಿ ಹುಟ್ಟಿದವರ ಸರದಿ ಯಾವ ವೇಗದಲ್ಲಿ ಸಾಗುತ್ತದೆಂಬುದು ಪ್ರತ್ಯಕ್ಷಪ್ರಮಾಣ. ಕಾರ್ಡು ಕೈಗೆ ಬರುವ ಹೊತ್ತಿಗೆ ಕಣ್ಣಿಗೆ ಚಾಳೀಸು ಬಂದಿರುತ್ತದೆ. ಚಾಚಿದ ತೋಳಿನ ತುದಿಯಲ್ಲಿರುವ ಪಿಸ್ತೂಲಿನ ಮುಂದಿನ ಸೈಟು ಅವನಿಗೆ ಎರಡಾಗಿ, ಒಮ್ಮೊಮ್ಮೆ ಎರಡೂವರೆಯಾಗಿ ಕಾಣುತ್ತದೆ. ಗಾಜಿನ ಮೇಲೆ ಕೆಂಪು ಚುಕ್ಕಿ ತೋರಿಸುವ ರೆಡ್ ಡಾಟ್ ಬಿಟ್ಟರೆ ಅವನಿಗೆ ಬೇರೆ ಗತಿಯಿಲ್ಲ. ಅದನ್ನು ಹಾಕಿಸಿದ ಕ್ಷಣ ಐರನ್ ಸೈಟಿನ ಡಿವಿಷನ್ನುಗಳೆಲ್ಲ ಅವನ ಪಾಲಿಗೆ ಮುಚ್ಚಿದವು. ಇವನ ಡಿವಿಷನ್ನನ್ನು ಆರಿಸಿದ್ದು ಇವನಲ್ಲ, ವೀಸಾ ಸರದಿ. ಈ ವರ್ಗದ ಓದುಗರು ಇಲ್ಲಿಗೇ ಗ್ರಂಥ ಮುಚ್ಚಿ ಏಳಬಹುದು.

ಉಳಿದವರಿಗಾಗಿ ಪೂರ್ವಕಥೆ. 1950ರ ದಶಕದ ಕೊನೆಯಲ್ಲಿ ಕ್ಯಾಲಿಫೋರ್ನಿಯಾದ ಬಿಗ್ ಬೇರ್ ಎಂಬ ಊರಲ್ಲಿ ಜೆಫ್ ಕೂಪರ್ ಮತ್ತವರ ಗೆಳೆಯರು ಸೇರಿ ಪಿಸ್ತೂಲ್ ಪಂದ್ಯ ನಡೆಸುತ್ತಿದ್ದರು. ಸೊಂಟದ ಮಟ್ಟದಿಂದಲೇ ಒಂದು ಕೈಯಲ್ಲಿ, ಸಿನಿಮಾದ ಕೌಬಾಯ್ ಗತ್ತಿನಲ್ಲಿ ಢಂ ಎನ್ನಿಸುವುದು ರೂಢಿ. ಲಾಸ್ ಏಂಜಲೀಸ್ ಕೌಂಟಿಯ ಡೆಪ್ಯುಟಿ ಶೆರಿಫ್ ಜ್ಯಾಕ್ ವೀವರ್ ಬಂದು ರಿವಾಲ್ವರನ್ನು ಎರಡೂ ಕೈಯಲ್ಲಿ ಹಿಡಿದು, ಕಣ್ಣಿನ ಮಟ್ಟಕ್ಕೆ ಎತ್ತಿ, ಸೈಟು ನೋಡಿ ಹೊಡೆದು ಗೆಲ್ಲತೊಡಗಿದರು. ನೋಡಿ ಹೊಡೆದರೆ ತಾಗುತ್ತದೆ ಎಂಬ ಈ ಸಂಶೋಧನೆ ಶಾಸ್ತ್ರದ ಇತಿಹಾಸದಲ್ಲಿ ದೊಡ್ಡದು. ನಾನು ವ್ಯಂಗ್ಯವಾಡುತ್ತಿಲ್ಲ, ಇವತ್ತಿಗೂ ಅದನ್ನು ಒಪ್ಪದವರು ಪ್ರತಿ ಪಂದ್ಯದಲ್ಲೂ ಸಿಗುತ್ತಾರೆ. ಆಮೇಲೆ 1976ರಲ್ಲಿ ಮಿಸ್ಸೌರಿ ರಾಜ್ಯದ ಕೊಲಂಬಿಯಾದಲ್ಲಿ ಅಂತಾರಾಷ್ಟ್ರೀಯ ಒಕ್ಕೂಟ ಐಪಿಎಸ್‌ಸಿ ಹುಟ್ಟಿತು. ಕೂಪರ್ ಮೊದಲ ಅಧ್ಯಕ್ಷರಾದರು. ನಿಖರತೆ, ಬಲ, ವೇಗ, ಈ ಮೂರೂ ಸಮವಾಗಿರಬೇಕೆಂಬುದು ಒಕ್ಕೂಟದ ಧ್ಯೇಯ. ಅಮೆರಿಕದ ಅಂಗಸಂಸ್ಥೆ ಯುಎಸ್‌ಪಿಎಸ್‌ಎ 1984ರಲ್ಲಿ ನೋಂದಣಿಯಾಯಿತು.

ಆ ಕೃತಯುಗದಲ್ಲಿ ಡಿವಿಷನ್ ಗೊಡವೆ ಇರಲಿಲ್ಲ. ಯಾರು ಏನನ್ನು ಬೇಕಾದರೂ ತರಲಿ, ಯಾವ ಪಿಸ್ತೂಲು ಮೇಲೆಂದು ಪಂದ್ಯವೇ ಹೇಳಲಿ ಎಂಬ ನಿಲುವು. ಪಂದ್ಯ ಹೇಳಿತು. ಹೇಳಿದ್ದು ಬಹಳ ಜನಕ್ಕೆ ಹಿಡಿಸಲಿಲ್ಲ. ನಳಿಗೆಯ ತುದಿಗೆ ಒದೆತ ತಗ್ಗಿಸುವ ಕಾಂಪೆನ್ಸೇಟರ್ ಬಂತು, ಅಂಗೈ ಉದ್ದದ ಮ್ಯಾಗಜಿನ್ ಬಂತು, 1990ರಲ್ಲಿ ಡಗ್ ಕೋನಿಗ್ ರೆಡ್ ಡಾಟ್ ಹಾಕಿದ ಪಿಸ್ತೂಲು ಹಿಡಿದು ಆಸ್ಟ್ರೇಲಿಯಾದ ಅಡಿಲೇಡಿನಲ್ಲಿ ವಿಶ್ವಸ್ಪರ್ಧೆಯನ್ನೇ ಗೆದ್ದರು. ಇದೂ ಒಂದು ಪಿಸ್ತೂಲೇ ಎಂದು ಸಂಪ್ರದಾಯಸ್ಥರು ಗೊಣಗಿದರು. ಹೀಗಾಗಿ ಎಲ್ಲವನ್ನೂ ಹಾಕಿಸಿಕೊಂಡವರು ಓಪನ್, ಚುಕ್ಕಿಯೂ ಕಾಂಪೆನ್ಸೇಟರೂ ಇಲ್ಲದವರು ಲಿಮಿಟೆಡ್ ಎಂದು ಪಾಲಾಯಿತು. ಪಾಲು ಒಮ್ಮೆ ಶುರುವಾದರೆ ಎರಡಕ್ಕೆ ನಿಂತ ಉದಾಹರಣೆ ಉಂಟೇ? 2023ರಲ್ಲಿ ಲಿಮಿಟೆಡ್ ಆಪ್ಟಿಕ್ಸ್ ಸೇರಿದಾಗ ಯುಎಸ್‌ಪಿಎಸ್‌ಎಯಲ್ಲಿ ಒಂಬತ್ತಾದವು. ಜಾತಕ ಹೊಂದಿಸಿ ನೋಡುವವರಿಗೆ ಇದೊಂದು ಅನುಕೂಲದ ಸಂಖ್ಯೆ.

ಇಲ್ಲಿ ಪೂರ್ವಪಕ್ಷಿ ಹೇಳುತ್ತಾನೆ: ಸಮಾನ ಸಲಕರಣೆ ಇದ್ದವರ ನಡುವೆ ನ್ಯಾಯವಾದ ಪೈಪೋಟಿ ನಡೆಯಲೆಂದೇ ಡಿವಿಷನ್ ಇರುವುದು. ಕೇಳಲು ಚೆನ್ನಾಗಿದೆ. ಆದರೆ ಪಂದ್ಯ ಮುಗಿದು ಫಲಿತಾಂಶ ಫೋನಿಗೆ ಬಂದ ಮೇಲೆ ಪಾರ್ಕಿಂಗ್ ಜಾಗದಲ್ಲಿ, ಕಾರಿನ ಡಿಕ್ಕಿ ತೆರೆದಿಟ್ಟುಕೊಂಡು ನಿಂತವರ ಮಾತನ್ನು ಆಲಿಸಿದವನು ಹೀಗೆ ಹೇಳಲಾರ. "ಪ್ರೊಡಕ್ಷನ್ ಅಲ್ವಾ, ಇಷ್ಟೇ ಆಗೋದು." "ಸಿಂಗಲ್ ಸ್ಟ್ಯಾಕ್‌ನಲ್ಲಿ ಇದು ಒಳ್ಳೆ ಸ್ಕೋರೇ." ಕುಣಿಯಲಾರದವಳು ನೆಲ ಡೊಂಕು ಅಂದಳು ಎಂಬ ಗಾದೆ ಎಲ್ಲರಿಗೂ ಗೊತ್ತು. ಆಕೆ ಕುಣಿದು ಸೋತ ಮೇಲೆ ನೆಲ ನೋಡಿದಳು, ಇದು ಶಾಸ್ತ್ರೀಯವಲ್ಲ. ಡೊಂಕು ನೆಲವನ್ನು ಮೊದಲೇ ಆರಿಸಿ, ಶುಲ್ಕ ಕಟ್ಟಿ, ಹೆಸರಿನ ಮುಂದೆ ಬರೆಸಿಕೊಳ್ಳುವ ಏರ್ಪಾಡಿಗೇ ಡಿವಿಷನ್ ಎಂದು ಹೆಸರು. ಇದು ನಮ್ಮ ಸಿದ್ಧಾಂತ. ಆದ್ದರಿಂದ ನಿನ್ನ ಕೈಗೆ ಯಾವ ಪಿಸ್ತೂಲು ಒಗ್ಗುತ್ತದೆ ಎಂದು ಕೇಳುವುದು ತಪ್ಪು ಪ್ರಶ್ನೆ. ನಿನ್ನ ಬಾಯಿಗೆ ಯಾವ ನೆಪ ಒಗ್ಗುತ್ತದೆ ಎಂದು ಕೇಳಬೇಕು.

ನೆಪಗಳನ್ನು ತೂಗುವ ಮುಂಚೆ ಅಂಕಗಣಿತ. ಗುಂಡಿನ ತೂಕವನ್ನು ಗ್ರೇನುಗಳಲ್ಲಿ, ವೇಗವನ್ನು ಸೆಕೆಂಡಿಗೆ ಇಷ್ಟು ಅಡಿ ಎಂದು ತೆಗೆದುಕೊಂಡು, ಗುಣಿಸಿ, ಸಾವಿರದಿಂದ ಭಾಗಿಸಿದರೆ ಪವರ್ ಫ್ಯಾಕ್ಟರ್ ಸಿಗುತ್ತದೆ. 125 ಮುಟ್ಟಿದರೆ ಮೈನರ್, 165 ಮುಟ್ಟಿದರೆ ಮೇಜರ್. 124 ಗ್ರೇನಿನ ಒಂಬತ್ತು ಎಂಎಂ ಗುಂಡು 1050 ಅಡಿ ವೇಗದಲ್ಲಿ ಹೋದರೆ 130, ಮೈನರ್. 180 ಗ್ರೇನಿನ .40 ಗುಂಡು 930 ಅಡಿ ವೇಗದಲ್ಲಿ ಹೋದರೆ 167, ಮೇಜರ್. ಟಾರ್ಗೆಟ್ಟಿನ ನಡುವಣ ಎ ವಲಯಕ್ಕೆ ಬಿದ್ದರೆ ಇಬ್ಬರಿಗೂ ಐದೇ ಅಂಕ. ಪಕ್ಕದ ಸಿ ವಲಯಕ್ಕೆ ಮೇಜರಿನವನಿಗೆ ನಾಲ್ಕು, ಮೈನರಿನವನಿಗೆ ಮೂರು. ಅಂಚಿನ ಡಿ ವಲಯಕ್ಕೆ ಎರಡು, ಒಂದು. ಪೂರ್ತಿ ತಪ್ಪಿದರೆ ಭೇದವಿಲ್ಲದೆ ಹತ್ತು ಕಳೆತ. ಬಂದ ಅಂಕವನ್ನು ಹಿಡಿದ ಸೆಕೆಂಡುಗಳಿಂದ ಭಾಗಿಸಿದರೆ ಹಿಟ್ ಫ್ಯಾಕ್ಟರ್. 32 ಗುಂಡಿನ ಒಂದು ಸ್ಟೇಜಿನಲ್ಲಿ, ಅಂದರೆ ಪಂದ್ಯದ ಒಂದು ಸುತ್ತಿನಲ್ಲಿ, ಹೆಚ್ಚೆಂದರೆ 160 ಅಂಕ. ಇಬ್ಬರೂ ಎಂಟೆಂಟು ಗುಂಡು ಸಿ ವಲಯಕ್ಕೆ ಬಿಟ್ಟು, ಮಿಕ್ಕದ್ದನ್ನು ಎ ವಲಯಕ್ಕೆ ಹೊಡೆದು, ಹದಿನಾರು ಸೆಕೆಂಡಿನಲ್ಲಿ ಮುಗಿಸಿದರೆಂದುಕೊಳ್ಳಿ. ಮೇಜರಿನವನಿಗೆ 152 ಅಂಕ, 9.5. ಮೈನರಿನವನಿಗೆ 144, ಅಂದರೆ 9. ಈ ಅರ್ಧದ ಮೇಲೆ ಎಷ್ಟು ಸ್ನೇಹಗಳು ಮುರಿದಿವೆಯೋ!

ಹಾಗಾದರೆ ಎಲ್ಲವನ್ನೂ ಎ ವಲಯಕ್ಕೇ ಹೊಡೆದರೆ ಮೇಜರ್-ಮೈನರ್ ಜಗಳವೇ ಇಲ್ಲವಲ್ಲ ಎಂದು ಶಂಕೆ ಬಂದೀತು. ಇಂಥ ಅವ್ಯಾವಹಾರಿಕ ಪರಿಹಾರಗಳಿಗೆ ಈ ಗ್ರಂಥದಲ್ಲಿ ಜಾಗವಿಲ್ಲ.

ಓಪನ್ ಡಿವಿಷನ್ನಿನಲ್ಲಿ ಮ್ಯಾಗಜಿನ್ 171.25 ಮಿಲಿಮೀಟರ್ ತನಕ ಉದ್ದ ಇರಬಹುದು, ಚುಕ್ಕಿ ಇರಬಹುದು, ಕಾಂಪೆನ್ಸೇಟರ್ ಇರಬಹುದು. ಅದರ ಅನಿಲ ಮೇಲಕ್ಕೂ ಪಕ್ಕಕ್ಕೂ ನುಗ್ಗುವ ಸದ್ದಿಗೆ ಪಕ್ಕದಲ್ಲಿ ಟೈಮರ್ ಹಿಡಿದು ನಿಂತ ರೇಂಜ್ ಆಫೀಸರನ ಟೋಪಿಯೂ ಬೆಚ್ಚುತ್ತದೆ. ಇಲ್ಲಿರುವುದು ನೆಪದ ಬಡತನ. ಎಲ್ಲವನ್ನೂ ಕೊಂಡಾಗಿದೆ, ಇನ್ನು ಯಾವುದರ ಕೊರತೆ ಎನ್ನುವುದು? ಆದ್ದರಿಂದ ಓಪನ್ ಪಿಸ್ತೂಲು ಆಗಾಗ ಜಾಮ್ ಆಗಲೇಬೇಕು, ಮಾಲೀಕನ ಮರ್ಯಾದೆಯ ಸಲುವಾಗಿ.

ಪ್ರೊಡಕ್ಷನ್ನಿನವರದು ಸಾತ್ವಿಕ ನೆಪ. ಎಷ್ಟು ಬಿರುಸಿನ ಗುಂಡು ಹಾಕಿದರೂ ಮೈನರ್ ಲೆಕ್ಕವೇ, ಮ್ಯಾಗಜಿನ್ನಿಗೆ ಮೊದಲು ಹತ್ತು, ಈಚೆಗೆ ಹದಿನೈದು. ಅಂಗಡಿಯಿಂದ ತಂದ ಹಾಗೇ ಇದೆ ನೋಡಿ ಎಂದು ಅವರು ಹೇಳುವಾಗ ದನಿಯಲ್ಲಿ ಉಪವಾಸದ ಹೆಮ್ಮೆ ಇರುತ್ತದೆ. ಒಳಗಿನ ಟ್ರಿಗರ್ ಸ್ಪ್ರಿಂಗಿನ ವಿಚಾರ ಕೇಳಬಾರದು. ಇವರ ವಾದಕ್ಕೆ ಕಂಟಕನಾಗಿರುವವನು ಫ್ರಾನ್ಸಿನ ಎರಿಕ್ ಗ್ರೊಫೆಲ್. ಓಪನ್‌ನಲ್ಲಿ ಮತ್ತೆಮತ್ತೆ ವಿಶ್ವ ಚಾಂಪಿಯನ್ ಆಗಿದ್ದ ಈ ಮನುಷ್ಯ, 2017ರಲ್ಲಿ ಪ್ರೊಡಕ್ಷನ್ನಿಗೆ ಇಳಿದು ಅಲ್ಲೂ ವಿಶ್ವ ಚಾಂಪಿಯನ್ ಆದ. ಸಲಕರಣೆ ಬದಲಾದರೂ ಫಲಿತಾಂಶ ಬದಲಾಗದಿದ್ದರೆ ನಮ್ಮಂಥ ಶಾಸ್ತ್ರಕಾರರು ಏನು ಮಾಡಬೇಕು? ಅವನನ್ನು ಅಪವಾದವೆಂದು ಪಕ್ಕಕ್ಕೆ ಕೂರಿಸಿದ್ದೇವೆ.

ಸಿಂಗಲ್ ಸ್ಟ್ಯಾಕ್ ನೆಪಗಳಲ್ಲೇ ಶ್ರೀಮಂತ. ಜಾನ್ ಬ್ರೌನಿಂಗ್ ರೂಪಿಸಿದ 1911 ಮಾದರಿಯ ಪಿಸ್ತೂಲೇ ಇಲ್ಲಿ ಆಗಬೇಕು; ಮೇಜರಿಗೆ ಮ್ಯಾಗಜಿನ್ನಿನಲ್ಲಿ ಎಂಟು ಗುಂಡು, ಮೈನರಿಗೆ ಹತ್ತು. ಒಂದು ಜಾಗದಿಂದ ಎಂಟಕ್ಕಿಂತ ಹೆಚ್ಚು ಹೊಡೆತ ಬೇಡದ ಹಾಗೆ ಸ್ಟೇಜ್ ಕಟ್ಟಬೇಕೆಂದು ನಿಯಮ ಇರುವುದರಿಂದ ಲೆಕ್ಕ ಸರಿಯಾಗಿಯೇ ಇದೆ. ಆದರೆ ಲೆಕ್ಕವನ್ನು ಉಕ್ಕಿನ ಪ್ಲೇಟು ಓದಿರುವುದಿಲ್ಲ. ಆಟಗಾರ ರಟ್ಟಿನ ಮೂರು ಟಾರ್ಗೆಟ್ಟಿಗೆ ಎರಡೆರಡು ಹೊಡೆದು ಪ್ಲೇಟಿಗೆ ತಿರುಗುತ್ತಾನೆ. ಏಳನೆಯದು ಅದರ ಅಂಚು ಸವರಿ ಹಿಂದಿನ ಮಣ್ಣಿನ ಗುಡ್ಡೆಗೆ ಹೋಗುತ್ತದೆ. ಎಂಟನೆಯದೂ ಅಷ್ಟೇ. ಅಷ್ಟಕ್ಕೆ ಮ್ಯಾಗಜಿನ್ ಖಾಲಿ, ಚೇಂಬರಿನಲ್ಲಿ ಒಂದೇ ಒಂದು. ಅದೂ ತಪ್ಪಿ ಸ್ಲೈಡು ಹಿಂದಕ್ಕೆ ಸಿಕ್ಕಿ ಬಾಯಿ ತೆರೆದು ನಿಲ್ಲುತ್ತದೆ. ಓಡುತ್ತಾ ಮಾಡಬೇಕಾದ ರೀಲೋಡನ್ನು ಇವನು ನಿಂತಲ್ಲೇ ಮಾಡುತ್ತಾನೆ: ಹೆಬ್ಬೆರಳಲ್ಲಿ ಗುಂಡಿ ಒತ್ತಿ ಖಾಲಿ ಮ್ಯಾಗಜಿನ್ ಜಾರಿಸಿ, ಎಡಗೈಯಲ್ಲಿ ಬೆಲ್ಟಿನಿಂದ ಇನ್ನೊಂದನ್ನು ಕಿತ್ತು, ಕಿರಿದಾದ ಬಾಯಿಗೆ ತೂರಿಸಹೋಗಿ ಅಂಚಿಗೆ ಬಡಿದು, ಮತ್ತೆ ತೂರಿಸಿ. ಪ್ಲೇಟು ನಿಂತೇ ಇರುತ್ತದೆ. ಓಪನ್ನಿನವನು ಇಷ್ಟರಲ್ಲಿ ಮೂರನೆಯ ಜಾಗಕ್ಕೆ ಹೋಗಿರುತ್ತಾನೆ. ಆದರೆ ಇವನ ಮುಖದಲ್ಲಿ ನಾಚಿಕೆ ಕಾಣುವುದಿಲ್ಲ. ಎಂಟೇ ಗುಂಡು, ಸ್ವಾಮಿ.

ಕ್ಯಾರಿ ಆಪ್ಟಿಕ್ಸ್ ಸದ್ಯಕ್ಕೆ ಜನಜಂಗುಳಿಯ ಡಿವಿಷನ್. ಪಿಸ್ತೂಲಿನ ಸ್ಲೈಡಿನ ಮೇಲೆ ಚುಕ್ಕಿ, 141.25 ಮಿಲಿಮೀಟರ್ ಮ್ಯಾಗಜಿನ್, ಲೆಕ್ಕ ಮೈನರ್. ಚುಕ್ಕಿ ಹಾಕಿಸಿದರೆ ಗುರಿ ತಾನಾಗಿ ಸಿಗುತ್ತದೆಂದು ಬಂದವನು ಮೊದಲ ದಿನ ಪಿಸ್ತೂಲೆತ್ತಿ, ಗಾಜಿನೊಳಗೆ ಚುಕ್ಕಿ ಎಲ್ಲಿ ಹೋಯಿತೆಂದು ಮಣಿಕಟ್ಟು ಆಡಿಸಿ ಹುಡುಕುತ್ತಿರುತ್ತಾನೆ. ಟೈಮರ್ ಓಡುತ್ತಿರುತ್ತದೆ. ನನ್ನ ಅಭಿಪ್ರಾಯ ಕೇಳಿದರೆ, ಸೇರುವುದಾದರೆ ಇಲ್ಲಿಗೇ ಸೇರಬೇಕು. ಹತ್ತಾರು ಜನರ ನಡುವೆ ಮೂವತ್ತನೆಯವನಾದರೆ ತನ್ನ ಮಟ್ಟ ತನಗೆ ತಿಳಿಯುತ್ತದೆ. ಆದರೆ ಮಟ್ಟ ತಿಳಿಯಲು ಯಾರು ಭಾನುವಾರ ಬೆಳಗ್ಗೆ ಎದ್ದು ಹೋಗುತ್ತಾರೆ?

ಪಿಸಿಸಿ ಎಂದರೆ ಪಿಸ್ತೂಲಿನ ತೋಟಾ ಹಾಕುವ, ಭುಜಕ್ಕಾನಿಸಿ ಹೊಡೆಯುವ ಕಾರ್ಬೈನು. ಪಿಸ್ತೂಲ್ ಸ್ಪರ್ಧೆಗೆ ಕಾರ್ಬೈನು ತಂದವನೊಡನೆ ವಾದಿಸುವುದು ಈ ಗ್ರಂಥದ ವ್ಯಾಪ್ತಿಗೆ ಬರುವುದಿಲ್ಲ. ಲಿಮಿಟೆಡ್ ಹಳೆಯ ಹಿರಿಮೆಯದು, ಅದರ ವಾರಸುದಾರರು ಈಚೆಗೆ ಚುಕ್ಕಿಗಾಗಿ ಲಿಮಿಟೆಡ್ ಆಪ್ಟಿಕ್ಸ್ ಕಡೆ ವಲಸೆ ಹೋಗುತ್ತಿದ್ದಾರೆ. ಲಿಮಿಟೆಡ್ 10 ಬೇರೆ ಬಗೆಯದು. ಹತ್ತಕ್ಕಿಂತ ಹೆಚ್ಚು ಗುಂಡಿನ ಹೊಸ ಮ್ಯಾಗಜಿನ್ ಮಾರಬಾರದೆಂದು 1994ರಲ್ಲಿ ಕಾನೂನಾಗಿತ್ತು; 2004ರಲ್ಲಿ ಅದು ತೀರಿಕೊಂಡಿತು, ಡಿವಿಷನ್ ಮಾತ್ರ ಉಳಿಯಿತು. ಸರಕಾರಿ ಕಚೇರಿ ಕಂಡವರಿಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ.

ಈ ಶಾಸ್ತ್ರದ ಗರ್ಭಗುಡಿ ಇರುವುದು ದೊಡ್ಡ ಪಂದ್ಯಗಳಲ್ಲಿ ಗುಂಡಿನ ವೇಗ ಅಳೆಯುವ ಕ್ರೋನೋ ಮೇಜಿನಲ್ಲಿ. ಮೇಜರ್ ಎಂದು ಬರೆಸಿದವನ ಎಂಟು ತೋಟಾ ತೆಗೆದುಕೊಳ್ಳುತ್ತಾರೆ. ಒಂದರ ಗುಂಡನ್ನು ಸುತ್ತಿಗೆಯಂಥ ಸಾಧನದಿಂದ ಕಿತ್ತು ತಕ್ಕಡಿಗೆ ಹಾಕುತ್ತಾರೆ. ಮೂರನ್ನು ಅವನದೇ ಪಿಸ್ತೂಲಿನಿಂದ ಹಾರಿಸಿ ವೇಗ ಅಳೆಯುತ್ತಾರೆ. ಸರಾಸರಿ 165 ಮುಟ್ಟಲಿಲ್ಲವೋ, ಇನ್ನು ಮೂರು. ಆರರಲ್ಲಿ ಜೋರಾಗಿ ಹೋದ ಮೂರನ್ನು ಹಿಡಿಯುತ್ತಾರೆ. ಅದೂ 164.8 ಆಯಿತೆನ್ನಿ. ಉಳಿದದ್ದು ಒಂದೇ ತೋಟಾ. ಆಗ ಅಧಿಕಾರಿ ಕತ್ತೆತ್ತಿ ಕೇಳುತ್ತಾನೆ: ಇದನ್ನು ಹಾರಿಸೋಣವೋ, ಕಿತ್ತು ತೂಗೋಣವೋ? ಹಾರಿಸಿದರೆ ವೇಗ ಹೆಚ್ಚಿದ್ದೀತು. ತೂಗಿದರೆ ಗುಂಡು ಮೊದಲಿನದಕ್ಕಿಂತ ಒಂದಿಷ್ಟು ಭಾರ ಇದ್ದೀತು. ಎರಡೂ ಆಗುವಂತಿಲ್ಲ. ಮನೆಯ ಗ್ಯಾರೇಜಿನಲ್ಲಿ ರಾತ್ರಿಯೆಲ್ಲ ತಾನೇ ತುಂಬಿದ ತೋಟಾ ಅದು. ಒದೆತ ತುಸು ಕಡಿಮೆಯಾಗಲಿ ಎಂದು ಮದ್ದನ್ನು ಕೂದಲೆಳೆಯಷ್ಟು ಕಡಿಮೆ ಹಾಕಿದ್ದು ಅವನಿಗೆ ಮಾತ್ರ ಗೊತ್ತು. ಸೋತರೆ ಪಂದ್ಯವಿಡೀ ಮೈನರ್ ಲೆಕ್ಕ, ಅದೂ ಮೇಜರಿನ ಒದೆತವನ್ನೆಲ್ಲ ತಿಂದ ಮೇಲೆ. ನ್ಯಾಯ, ಮೀಮಾಂಸೆ, ವೇದಾಂತ ಮೂರನ್ನೂ ಓದಿಕೊಂಡವರೂ ಇಲ್ಲಿ ಉತ್ತರ ಹೇಳಲು ತಡವರಿಸಿಯಾರು.

ಕೊನೆಗೆ ರಿವಾಲ್ವರ್. ಇಲ್ಲಿನ ಮೂಲಪುರುಷ ಜೆರ್ರಿ ಮಿಕ್ಯುಲೆಕ್ 1999ರಲ್ಲಿ ಆರು ಹೊಡೆದು, ಮತ್ತೆ ಆರು ತುಂಬಿ, ಆ ಆರನ್ನೂ ಹೊಡೆದದ್ದು 2.99 ಸೆಕೆಂಡಿನಲ್ಲಿ. ಉಳಿದವರಿಗೆ ಅಷ್ಟು ಹೊತ್ತು ತೋಟಾ ಜೋಡಿಸಿದ ಮೂನ್ ಕ್ಲಿಪ್ಪನ್ನು ಬೆಲ್ಟಿನಲ್ಲಿ ತಡಕಲು ಬೇಕು. ಊರಮಟ್ಟದ ಪಂದ್ಯಗಳಲ್ಲಿ ಈ ಡಿವಿಷನ್ನಿಗೆ ಬರುವುದು ಹೆಚ್ಚಾಗಿ ಒಬ್ಬನೇ. ಒಬ್ಬನೇ ಇರುವಲ್ಲಿ ಅವನು ಮೊದಲಿಗನೋ ಕೊನೆಯವನೋ? ಎರಡೂ ಹೌದೆಂಬುದು ತಾರ್ಕಿಕರ ಮತ. ಫಲಿತಾಂಶದ ಪಟ್ಟಿ ಮಾತ್ರ ಪ್ರಥಮ, ನೂರಕ್ಕೆ ನೂರು ಎಂದು ಬರೆಯುತ್ತದೆ, ಲಿಖಿತ ಪ್ರಮಾಣವೇ ಬಲವತ್ತರ. ಅವನಿಗೆ ಸೋಲಿಲ್ಲ, ಆದ್ದರಿಂದ ನೆಪವೂ ಬೇಕಿಲ್ಲ. ಟಾರ್ಗೆಟ್ಟಿನ ತೂತುಗಳಿಗೆ ಕಂದು ಟೇಪು ಅಂಟಿಸುತ್ತಾ, ಹೊಸಬರಿಗೆ ಡಿವಿಷನ್ ಆರಿಸುವುದು ಹೇಗೆಂದು ಬೋಧಿಸುತ್ತಾ ಅವನು ತಿಂಗಳುಗಟ್ಟಲೆ ನೆಮ್ಮದಿಯಾಗಿರುತ್ತಾನೆ. ಎರಡನೆಯವನೊಬ್ಬ ರಿವಾಲ್ವರ್ ಹಿಡಿದು ಬಂದ ಭಾನುವಾರ, ಇವನು ಕಾರಿನ ನೆರಳಿನಲ್ಲಿ ಕೂತು ಲಿಮಿಟೆಡ್ 10ರ ನಿಯಮಾವಳಿ ಓದುತ್ತಿರುತ್ತಾನೆ.