ಶ್ರೀಶೈಲ ಪಾದಯಾತ್ರೆಯ ಗಂಟುಶಾಸ್ತ್ರ

ಪೀಠಿಕೆ: ಯುಗಾದಿ ಹತ್ತಿರ ಬಂತೆಂದರೆ ಸಿಂಧನೂರು, ಲಿಂಗಸುಗೂರು, ಮಸ್ಕಿ ಸೀಮೆಯಲ್ಲಿ ಕಂಬಿ ಮಲ್ಲಯ್ಯನ ಹೆಸರು ಹೇಳಿ ಶ್ರೀಶೈಲದತ್ತ ಕಾಲುಗಳು ಹೊರಡುತ್ತವೆ. ಕಾಲುಗಳ ಮೇಲೆ ಪದ, ಭಜನೆ ಎಲ್ಲ ಉಂಟು. ಬೆನ್ನಿನ ಮೇಲೆ ಮಾತ್ರ ಶಾಸ್ತ್ರವಿಲ್ಲ. ವಳಕಮದಿನ್ನಿಯಂಥ ಊರಿನ ಪಡಸಾಲೆಯಲ್ಲಿ ಮೌಖಿಕವಾಗಿ ಉಳಿದುಬಂದ ಆ ಜ್ಞಾನವನ್ನು ಇಲ್ಲಿ ಸೂತ್ರೀಕರಿಸಲಾಗಿದೆ.

ಸೂತ್ರ 1: ಗಂಟು ಕಟ್ಟುವವರು ಬೇರೆ, ಹೊರುವವರು ಬೇರೆ.
ಭಾಷ್ಯ: ಹೊರುವವನಿಗೆ ಇಲ್ಲಿ ಮತದಾನದ ಹಕ್ಕಿಲ್ಲ. ಪ್ರತ್ಯಕ್ಷ, ಅನುಮಾನ, ಉಪಮಾನಗಳೆಲ್ಲ "ಇರ್ಲಿ ತಗೋ ಯಪ್ಪಾ, ಏನ್ ಭಾರ ಆಗ್ತೈತಿ" ಎಂಬ ಅವ್ವಪ್ರಮಾಣದ ಮುಂದೆ ಬಿದ್ದುಹೋಗುತ್ತವೆ.

ಸೂತ್ರ 2: ಸಾಮಾನು ಎರಡು ಬಗೆ: ಸ್ಥಾವರ ಮತ್ತು ಜಂಗಮ.
ಭಾಷ್ಯ: ಕೌದಿ, ಚರಿಗೆ, ಎರಡನೇ ಜೋಡಿ ಚಪ್ಪಲಿ ಸ್ಥಾವರ, ಶ್ರೀಶೈಲ ಮುಟ್ಟಿ ಬಂದರೂ ಗಂಟಿನ ತಳ ಬಿಟ್ಟು ಅಲುಗಿರುವುದಿಲ್ಲ. ಕೊಬ್ಬರಿ ಎಣ್ಣೆ, ಝಂಡು ಬಾಮ್, ಮೊಬೈಲ್ ಚಾರ್ಜರ್ ಜಂಗಮ. ಮೊದಲ ವಸತಿಯಲ್ಲೇ ಕೈಯಿಂದ ಕೈಗೆ ಹೊರಟವು ಒಡೆಯನಿಗೆ ಮತ್ತೆ ದರ್ಶನ ಕೊಡುವುದಿಲ್ಲ.

ಸೂತ್ರ 3: ರೊಟ್ಟಿ ಅವಿನಾಶಿ.
ಭಾಷ್ಯ: ಹಂಚಿನ ಮೇಲೆ ಬೇಯಿಸಿ, ಹಸಿ ಆರುವವರೆಗೆ ಒಣಗಿಸಿದ ಖಡಕ್ ಜೋಳದ ರೊಟ್ಟಿಗೆ ವಾರಗಟ್ಟಲೆ ಬೂಸು ಹಿಡಿಯದು. ಅದರ ವೈರಿ ಕೌದಿಯೊಂದೇ. ಆದ್ದರಿಂದ ಕೌದಿ ಕೆಳಗೆ, ರೊಟ್ಟಿ ಮೇಲೆ. ಜೊತೆಗೆ ಶೇಂಗಾ ಹಿಂಡಿ, ಅಗಸಿ ಹಿಂಡಿ, ಗುರೆಳ್ಳು ಹಿಂಡಿ. ಮೂರೇಕೆ? ಮನೆಯಲ್ಲಿ ಅವ್ವ, ಅತ್ತಿಗೆ, ಹೆಂಡತಿ ಮೂವರಿದ್ದಾರೆ. ಒಂದನ್ನು ಬಿಟ್ಟು ಹೋಗುವ ಧೈರ್ಯ ಹುಲಿಯಿರುವ ನಲ್ಲಮಲ ಕಾಡನ್ನು ನಡೆದು ದಾಟುವವನಿಗೂ ಇಲ್ಲ.

ಪೂರ್ವಪಕ್ಷ: ದಾರಿಯುದ್ದಕ್ಕೂ ಭಕ್ತರು ದಾಸೋಹದ ಟೆಂಟು ಹಾಕಿರುತ್ತಾರೆ. ಅನ್ನ, ಸಾರು, ಮಜ್ಜಿಗೆಯ ಉಪಚಾರ ಆಗಿಯೇ ಆಗುತ್ತದೆ. ನಾಗಲೂಟಿ, ಪೆದ್ದಚೆರುವು, ಭೀಮನಕೊಳ್ಳ ದಾಟಿ ಕೈಲಾಸದ್ವಾರ ಏರುವಾಗ ಸೇರು ತೂಕವೂ ಮಣವಾಗುತ್ತದೆ. ಮೇಲಾಗಿ, 12ನೇ ಶತಮಾನದಲ್ಲಿ ಅಕ್ಕಮಹಾದೇವಿ ಉಟ್ಟ ಬಟ್ಟೆಯನ್ನೂ ತೊರೆದು ಇದೇ ಬೆಟ್ಟ ಮುಟ್ಟಿದಳು. ಮತ್ತೆ ಗಂಟೇಕೆ?

ಖಂಡನೆ: ರಾಜ ಕೌಶಿಕನ ಅರಮನೆಯಲ್ಲಿ ಅಕ್ಕನಿಗೆ ಬುತ್ತಿ ಕಟ್ಟುವವರು ಯಾರೂ ಇರಲಿಲ್ಲ. ವಳಕಮದಿನ್ನಿಯಲ್ಲಿ ಇದ್ದಾರೆ. ಆದ್ದರಿಂದ ದೃಷ್ಟಾಂತ ಅಸಿದ್ಧ.

ಐತಿಹಾಸಿಕ ಪ್ರಮಾಣ: ನಮ್ಮ ಸೀಮೆಯ ಹಳೆಯ ಸಂಚಾರಿ ಅಶೋಕ. 1915ರಲ್ಲಿ ಬೀಡನ್ ಎಂಬ ಎಂಜಿನಿಯರ್ ಗುರುತಿಸಿದ ಮಸ್ಕಿ ಶಾಸನದಲ್ಲಿ ಅವನ ಹೆಸರೇ ಇದೆ. ಹೇಳಬೇಕಾದದ್ದನ್ನು ಬಂಡೆಗೇ ಕೆತ್ತಿಸಿದ್ದರಿಂದ ಅಷ್ಟು ಓಲೆಯ ಭಾರ ಇಳಿಯಿತು. ಇದು ಹಗುರ ಪ್ರಯಾಣದ ಮೊದಲ ಯುಕ್ತಿಯೆಂದು ನಮ್ಮ ಮತ. ಚಿತ್ರದುರ್ಗದ ಬ್ರಹ್ಮಗಿರಿ ಶಾಸನದಲ್ಲಿ 256 ಎಂಬ ಅಂಕಿ ಬರುತ್ತದೆ. ಅದು ಅವನು ಸಂಚಾರದಲ್ಲಿ ಕಳೆದ ರಾತ್ರಿಗಳ ಲೆಕ್ಕವೆಂದು ಹಲವು ವಿದ್ವಾಂಸರು ಹೇಳುತ್ತಾರೆ. ಅಷ್ಟು ರಾತ್ರಿಗೆ ಎಷ್ಟು ರೊಟ್ಟಿ ಎಂಬುದನ್ನು ಮಾತ್ರ ಬರೆದಿಲ್ಲ. ಕೆತ್ತಿಸಿದವರು ಗಂಡಸರೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಸಿದ್ಧಾಂತ: ಗಂಟಿನ ಬಹುಪಾಲು ಹೋಗದವರದ್ದು. ಶ್ರೀಶೈಲದ ದೇವಿ ಭ್ರಮರಾಂಬೆ ಕನ್ನಡ ಸೀಮೆಯ ಮಗಳು, ಮಲ್ಲಯ್ಯ ಅಳಿಯ ಎಂಬುದು ಈ ಕಡೆಯವರ ನಂಬಿಕೆ. ಹಾಗಾಗಿ ಹೊರಡುವ ಸಂಜೆ ಓಣಿಯೆಲ್ಲ ಬಾಗಿಲಿಗೆ ಬರುತ್ತದೆ. ಒಬ್ಬರದು ಸೀರೆ, ಒಬ್ಬರದು ಕುಪ್ಪಸದ ಕಣ, ಮತ್ತೊಬ್ಬರದು ಹಸಿರು ಬಳೆ, ಅರಿಶಿಣ ಕುಂಕುಮ; ಮೊಣಕಾಲು ನೋವಿನ ಅಜ್ಜಿಯದು ಒಂದು ತೆಂಗಿನಕಾಯಿ, "ನನ್ ಹೆಸರ್ಲೆ ಒಡಸು, ನನಗಂತೂ ನಡ್ಯಾಕಾಗಂಗಿಲ್ಲ." ಇಷ್ಟೆಲ್ಲ ಹೊರುವವನಿಗೆ ಭಾರ ಕಡಿಮೆ ಮಾಡೆನ್ನುವುದು, ಮಗಳ ಮನೆಗೆ ಬರಿಗೈಲಿ ಹೋಗೆಂದಷ್ಟೇ ಮರ್ಯಾದೆಯ ಮಾತು.

ಫಲಶ್ರುತಿ: ಈ ಶಾಸ್ತ್ರವನ್ನು ಶ್ರದ್ಧೆಯಿಂದ ಓದಿದವರ ಗಂಟು ಹಗುರಾಗುವುದಿಲ್ಲ. ದಾರಿಯಲ್ಲಿ ಓದಲೆಂದು ಇದರ ಪ್ರತಿಯನ್ನೂ ಅವ್ವ ಒಳಗೆ ತುರುಕಿರುತ್ತಾಳೆ.