ಫೋಲ್ಡರಿಗೆ ಕಾವಲು ಕೂತವರು

ಸಾಫ್ಟ್‌ವೇರ್ ತಂಡ ಯಾವುದೇ ಇರಲಿ, ಇಂಥವರೊಬ್ಬರು ಇದ್ದೇ ಇರುತ್ತಾರೆ. ನೀವು ಪಾಪ, ಫೈಲ್ ಸೇವ್ ಮಾಡಿ, ಟರ್ಮಿನಲ್ಲಿಗೆ ಹೋಗಿ, ಹಳೇ ಕಮಾಂಡನ್ನೇ ಹುಡುಕಿ ಎಂಟರ್ ಒತ್ತಿದಿರೋ, ಬೆನ್ನ ಹಿಂದೆ ನಿಟ್ಟುಸಿರು ಕೇಳುತ್ತದೆ.

“ಇನ್ನೂ ಕೈಯಲ್ಲೇ ರನ್ ಮಾಡ್ತಿದೀರಾ ಸಾರ್? ಲಿನಕ್ಸ್ ಕರ್ನೆಲ್‌ಗೆ ಐನೋಟಿಫೈ ಬಂದಿದ್ದು 2005ರಲ್ಲಿ!”

‘ನಿಮ್ಮ ಮಗನಿಗಿನ್ನೂ ಮದುವೆ ಆಗಿಲ್ವಾ’ ಎಂದು ಕೇಳುವವರ ದನಿಯೇ ಅದು.

ಐನೋಟಿಫೈ ಇದ್ದರೆ, ಕಾವಲಿಟ್ಟ ಫೋಲ್ಡರಿನಲ್ಲಿ ಹುಲ್ಲುಕಡ್ಡಿ ಅಲುಗಿದರೂ ಕರ್ನೆಲ್ ಸುದ್ದಿ ಕೊಡುತ್ತದೆ, ಸುದ್ದಿ ಬಂದೊಡನೆ ಇವರ ಸ್ಕ್ರಿಪ್ಟ್ ಓಡುತ್ತದೆ. ಒಮ್ಮೆ ಇವರು ಹೂಡಿದ ಏರ್ಪಾಟು ಹೀಗೆ: ಫೋಲ್ಡರಿಗೆ ಮಾರಾಟದ ಲೆಕ್ಕದ ಫೈಲನ್ನು ಹಾಕಿದರೆ ಸಾಕು, ವರದಿ ತಯಾರಾಗಿ ಮ್ಯಾನೇಜರಿಗೆ ಮೇಲ್ ಹೋಗಬೇಕು. ಹೋಯಿತು ಕೂಡ. ಆದರೆ ವರದಿಯನ್ನೂ ಅದೇ ಫೋಲ್ಡರಿಗೆ ಬರೆಯುವ ಹಾಗೆ ಮಾಡಿದ್ದರು. ಹೊಸ ಫೈಲ್ ಬಂತೆಂದು ಸ್ಕ್ರಿಪ್ಟ್ ಮತ್ತೆ ಎದ್ದಿತು. ವರದಿಗೊಂದು ವರದಿ, ಅದಕ್ಕೂ ಒಂದು ವರದಿ. ‘ಸೇಲ್ಸ್_ರಿಪೋರ್ಟ್_ರಿಪೋರ್ಟ್_ರಿಪೋರ್ಟ್’ ಎಂಬ ಮೇಲುಗಳನ್ನು ಮ್ಯಾನೇಜರು ಊಟ ಬಿಟ್ಟು ಅಳಿಸುತ್ತಿದ್ದರೆ ನಮ್ಮವರ ಮುಖದಲ್ಲಿ ತಂದೆಯ ಹೆಮ್ಮೆ: “ನೋಡಿದ್ರಾ, ಒಂದೂ ಮಿಸ್ ಆಗಿಲ್ಲ!”

ಆಮೇಲೆ ದೊಡ್ಡ ಫೈಲುಗಳ ಸರದಿ. ಕಾಪಿ ಶುರುವಾದ ಕೂಡಲೇ ಸ್ಕ್ರಿಪ್ಟ್ ಹಾರಿ ಬಿದ್ದು ಅರ್ಧ ಫೈಲಿನ ಲೆಕ್ಕವನ್ನೇ ಕಳಿಸಿತು, ಆ ತಿಂಗಳು ಮಾರಾಟ ಕುಸಿಯಿತೆಂದು ಮೀಟಿಂಗೂ ನಡೆಯಿತು. ಬರೆದು ಮುಚ್ಚಿದ ಮೇಲೆ ಬರುವ ಸುದ್ದಿಗೆ ಕಾಯಬೇಕಿತ್ತು, ಅಷ್ಟೇ.

ಇನ್ನೊಂದು ದಿನ ‘ಡಿಸ್ಕಿನಲ್ಲಿ ಜಾಗವಿಲ್ಲ’ ಎಂಬ ಎರರ್ ಬಂತು. ನೋಡಿದರೆ ಡಿಸ್ಕ್ ಅರ್ಧಕ್ಕರ್ಧ ಖಾಲಿ. ತುಂಬಿದ್ದು ಕಾವಲಿನ ಕೋಟಾ. ಹಳೇ ಕರ್ನೆಲ್‌ಗಳಲ್ಲಿ ಒಬ್ಬ ಬಳಕೆದಾರರಿಗೆ 8192 ಕಾವಲುಗಳ ಮಿತಿ. ಐನೋಟಿಫೈಗೋ ಒಳಗಿನ ಒಂದೊಂದು ಫೋಲ್ಡರಿಗೂ ಪ್ರತ್ಯೇಕ ಕಾವಲು ಬೇಕು. ಇವರು ಫೋಲ್ಡರಿನೊಳಗೆ ಫೋಲ್ಡರು ತುಂಬಿದ ನೋಡ್ ಮಾಡ್ಯೂಲ್ಸನ್ನೂ ಸೇರಿಸಿ ಕಾಯಲು ಹೇಳಿದ್ದರು.

ಈಗ ಮಾನಿಟರಿನ ಮೂಲೆಯಲ್ಲಿ ದಿನವಿಡೀ ಲಾಗ್ ಹರಿಯುತ್ತಿರುತ್ತದೆ. ನಮ್ಮವರು ಕಾಫಿ ಆರಿಸಿಕೊಂಡು ಅದನ್ನೇ ನೋಡುತ್ತಿರುತ್ತಾರೆ. ಸ್ಕ್ರಿಪ್ಟ್ ಸತ್ತರೆ ಎಬ್ಬಿಸಲು ಮತ್ತೊಂದು ಸ್ಕ್ರಿಪ್ಟ್ ಇದೆ, ಅದರ ಮೇಲೂ ಪೂರ್ತಿ ನಂಬಿಕೆಯಿಲ್ಲ. ಮೊನ್ನೆ ತಂಗಿಯ ಮದುವೆಗೆ ಹೊರಟಾಗ ಜೂನಿಯರನ್ನು ಕರೆದು, “ಆಗಾಗ ಲಾಗ್ ನೋಡ್ತಿರಪ್ಪಾ, ಏನಾದ್ರೂ ಆದ್ರೆ ಸಂಕೋಚ ಬೇಡ, ತಿಳಿಸು” ಅಂದರು.

ಹುಡುಗ ಇವರ ಗರಡಿಯಲ್ಲೇ ಪಳಗಿದವನು, ಕೂತು ನೋಡುವ ಪೈಕಿಯಲ್ಲ. ಲಾಗ್ ಫೈಲಿಗೇ ಕಾವಲು ಹಾಕಿ, ಅದು ಬದಲಾದಾಗಲೆಲ್ಲ ಗುರುಗಳಿಗೆ ಮೆಸೇಜ್ ಹೋಗುವ ಹಾಗೆ ಮಾಡಿಟ್ಟ. ಧಾರೆಯ ಹೊತ್ತಿಗೆ ಅಣ್ಣನ ಜೇಬು ಒಂದೇ ಸಮನೆ ಗುರುಗುಟ್ಟುತ್ತಿತ್ತಂತೆ.