10 ಸೆಕೆಂಡಿನ ಹೆಪ್ಪು

ಕಳ್ಳತನದ ಲೆಕ್ಕಪತ್ರ ಇಷ್ಟು ಚೊಕ್ಕವಾಗಿ ಇರುತ್ತೆ ಅಂದ್ರೆ ನಂಬ್ತೀರಾ? ಯುರೋಪಿನ ಸ್ಯಾಟಲೈಟ್ ಟೀವಿಯ ಕಾರ್ಡ್ ಶೇರಿಂಗ್ ಕಥೆ ಕೇಳಿ. ಚಂದಾ ಕಟ್ಟೋನು ಒಬ್ಬ, ಅವನ ಒಂದೇ ಕಾರ್ಡಿನಲ್ಲಿ ಫುಟ್‌ಬಾಲ್ ನೋಡೋರು ಊರು ತುಂಬ.

ಹಾಗಂತ ಅವನೇನೂ ಮ್ಯಾಚನ್ನ ಇಂಟರ್ನೆಟ್ಟಲ್ಲಿ ಕಳಿಸ್ತಾ ಕೂರಲ್ಲ. ಹಾಟ್‌ಬರ್ಡ್ ಉಪಗ್ರಹದ ಸಿಗ್ನಲ್ಲು ಎಲ್ಲರ ಡಿಶ್ಶಿಗೂ ಬೀಳುತ್ತೆ, ಬೀಗ ಹಾಕ್ಕೊಂಡು ಬೀಳುತ್ತೆ ಅಷ್ಟೆ. ಆ ಬೀಗದ ಕೀಲಿ 64 ಬಿಟ್ಟು, ಅಂದ್ರೆ ಬರೀ 8 ಬೈಟು. ಹಾಲು ಎಲ್ಲರ ಮನೇಲೂ ಇದೆ, ಹೆಪ್ಪು ಮಾತ್ರ ಪಕ್ಕದ ಮನೆಯಿಂದ ಇಸ್ಕೊಂಡು ಬರಬೇಕು. ಅದೂ ಸುಮಾರು 10 ಸೆಕೆಂಡಿಗೊಮ್ಮೆ! ನೋಡೋರ ಮನೆಯ ಬಾಕ್ಸು ಸಿಗ್ನಲ್ಲಿನೊಳಗಿನ ಗುಟ್ಟಿನ ಚೀಟಿಯನ್ನ ಇಂಟರ್ನೆಟ್ ಮೂಲಕ ಕಾರ್ಡಿನ ಯಜಮಾನನ ಸರ್ವರ್‌ಗೆ ಕಳಿಸುತ್ತೆ, ಅಲ್ಲಿರೋ ಕಾರ್ಡು ಅದನ್ನೋದಿ ಕೀಲಿ ಕೊಡುತ್ತೆ. ಉತ್ತರ ತಡವಾಯ್ತೋ, ಪೆನಾಲ್ಟಿ ಹೊಡೆಯೋನು ಕಾಲೆತ್ಕೊಂಡು ಹಾಗೇ ಕಲ್ಲಾಗಿ ನಿಂತ್ಬಿಡ್ತಾನೆ.

ಇದಕ್ಕೆಲ್ಲ ಸಿಸಿಕ್ಯಾಮ್, ಓಸ್ಕ್ಯಾಮ್ ಅಂತ ಸಾಫ್ಟ್‌ವೇರುಗಳು. ಜರ್ಮನಿಯ ಡ್ರೀಮ್‌ಬಾಕ್ಸಿನಂಥ ಲಿನಕ್ಸ್ ಪೆಟ್ಟಿಗೆಗಳಲ್ಲೇ ಓಡುತ್ವೆ. ಸರ್ವರ್ ವಿಳಾಸ, ಪೋರ್ಟು, ಹೆಸರು, ಪಾಸ್‌ವರ್ಡು ಇರೋ ಒಂದೇ ಸಾಲಿಗೆ ‘ಸಿ ಲೈನ್’ ಅಂತಾರೆ, ವ್ಯಾಪಾರ ಆಗೋದು ಅದೇ. ತಮಾಷೆ ಏನಂದ್ರೆ, ಮ್ಯಾಚ್ ದಿನ ಕಾರ್ಡಿಗೆ ಆರಾಮ. ಎಲ್ಲರೂ ಒಂದೇ ಚಾನೆಲ್ ನೋಡ್ತಿದ್ರೆ ಒಮ್ಮೆ ಬಂದ ಕೀಲಿಯನ್ನೇ ಎಲ್ಲರಿಗೂ ಹಂಚಬಹುದು. ಒಬ್ಬನಿಗೆ ಕಾರ್ಟೂನು, ಇನ್ನೊಬ್ಬನಿಗೆ ಕಾರ್ ರೇಸು ಅಂತ ಶುರುವಾದಾಗಲೇ ಪಾಪದ ಕಾರ್ಡು ಏದುಸಿರು ಬಿಡೋದು.

ಸ್ವಂತ ಕಾರ್ಡನ್ನ ಮನೆಯ ಇನ್ನೊಂದು ಟೀವಿಗೂ ಹಂಚ್ಕೊಳ್ಳೋರು ಇದ್ದಾರೆ, ಅವರ ಸುದ್ದಿ ನಮಗ್ಯಾಕೆ? ಮಾರೋರ ಮೇಲೆ ಐರೋಪ್ಯ ಒಕ್ಕೂಟ 1998ರಲ್ಲೇ ಕಾನೂನು ತಂದಿದೆ. ಕಂಪನಿಗಳೂ ಈಗೀಗ ಕಾರ್ಡನ್ನ ಒಂದೇ ಬಾಕ್ಸಿಗೆ ಗಂಟು ಹಾಕಿ ಕೊಡ್ತಾವೆ.

ನನಗೆ ಸೋಜಿಗ ಅನ್ಸೋದು ಆ ಓಸ್ಕ್ಯಾಮಿನ ಉಸ್ತುವಾರಿ ಪುಟ. ಯಾರು ಯಾವ ಚಾನೆಲ್ ನೋಡ್ತಿದಾರೆ, ಕೀಲಿ ಎಷ್ಟು ಮಿಲಿಸೆಕೆಂಡಲ್ಲಿ ಹೋಯ್ತು, ಎಲ್ಲಾ ಅಲ್ಲೇ ಕಾಣುತ್ತೆ. ಗಂಡ ನಡುರಾತ್ರಿ ಏನು ನೋಡ್ತಾನೆ ಅಂತ ಹೆಂಡತಿಗೆ ಗೊತ್ತಿರಲ್ಲ, ಇನ್ಯಾವುದೋ ದೇಶದಲ್ಲಿ ಕೂತ ಸರ್ವರ್ ಯಜಮಾನನಿಗೆ ಗೊತ್ತು! ಇನ್ನು ಗಿರಾಕಿ ತನ್ನ ಲೈನನ್ನ ಗುಟ್ಟಾಗಿ ಮತ್ತೊಬ್ಬರಿಗೆ ಮಾರಿದ ಅಂತಿಟ್ಕೊಳ್ಳಿ. ಒಂದು ಟೀವಿಗೆ ಬೇಕಾದ್ದಕ್ಕಿಂತ ಹೆಚ್ಚು ಕೀಲಿ ಕೇಳಿದ್ರೆ ಸಾಕು, ಸಾಫ್ಟ್‌ವೇರು ಹಿಡಿದುಹಾಕುತ್ತೆ. ಶಿಕ್ಷೆಯೂ ತರಾವರಿ: ಸುಳ್ಳು ಕೀಲಿ ಕೊಡೋದು, ಬೇಕಂತಲೇ ತಡ ಮಾಡೋದು, ಸ್ವಲ್ಪ ಹೊತ್ತು ಬಾಗಿಲು ಮುಚ್ಚೋದು. ಮಾಡ್ದೆ ಇರೋಕಾಗುತ್ತಾ? ನಾನು ಕದ್ದ ಮಾಲನ್ನ ಇವನು ಕದ್ದ ಅಂತ ಠಾಣೆಗೆ ಹೋಗಿ ದೂರು ಕೊಡೋ ಹಾಗಿಲ್ವಲ್ಲ.